ಶಾಭಾಸ್ ತಡವಾಗಿ ಬರುವ ಊರು

ನಮ್ಮ ಊರನ್ನು ಒಂದು ಕಂಪನಿಯವರು ನೇರಳೆ ಬಣ್ಣದಲ್ಲಿ ಅದ್ದಿಟ್ಟಿದ್ದಾರೆ. ಅವರ ನಕ್ಷೆಯನ್ನು ನೀವು ನೋಡಬೇಕು. ಪುಣೆ ಜಿಲ್ಲೆಯ ಭೋರ್ ಪೇಟೆ ನೇರಳೆ, ಪೇಟೆ ದಾಟಿ ಗುಡ್ಡ ಹತ್ತುವ ರಸ್ತೆ ನೇರಳೆ, ಗುಡ್ಡದ ಹಿಂದೆ ಭತ್ತದ ಗದ್ದೆಗಳ ನಡುವೆ ಇರುವ ನಮ್ಮ ಎರಡು ಕೋಣೆಯ ಮನೆ ನೇರಳೆ, ಹಿತ್ತಿಲಿನ ಹುಣಸೆಮರ ಸಹ ನೇರಳೆ. ನೇರಳೆ ಇದ್ದಲ್ಲಿ ನೆಟ್ ಭರ್ಜರಿಯಾಗಿ ಬರುತ್ತದೆ ಎಂದು ಕೆಳಗೆ ಬರೆದಿದೆ. ಆ ನಕ್ಷೆ ಮಾಡಿದವನು ಒಮ್ಮೆ ನಮ್ಮ ಮನೆಗೆ ಬರಲಿ. ಕೂಡಿಸುತ್ತೇನೆ, ಚಹಾ ಕೊಡುತ್ತೇನೆ, ಆಮೇಲೆ ಅದೇ ಹುಣಸೆಮರಕ್ಕೆ ಕಟ್ಟಿಹಾಕುತ್ತೇನೆ.

"ರೀ, ಸಿಟ್ಟಿನ್ಯಾಗ ಏನೂ ಬರೀಬ್ಯಾಡ್ರಿ, ಬಿ.ಪಿ. ಏರ್ತದ" ಎಂದು ನನ್ನ ಹೆಂಡತಿ ಒಳಗಿನಿಂದ ಹೇಳುತ್ತಿದ್ದಾಳೆ. ಏರಲಿ ಬಿಡಿ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾಯುತ್ತ ಕೂತರೆ ಈ ಜನ್ಮದಲ್ಲಿ ಬರೆದು ಮುಗಿಯುವುದಿಲ್ಲ.

ನಾನು ಪುಣೆಯ ಖಡಕಿಯಲ್ಲಿ ಸೈನ್ಯದ ಸಾಮಾನು ತಯಾರಾಗುವ ಕಾರ್ಖಾನೆಯಲ್ಲಿ ಇದ್ದವನು. ತಯಾರಾದ ಮಾಲನ್ನು ಅಳೆದು ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸ್ ಕಳಿಸುತ್ತಿದ್ದೆ. 'ನಡೀತದ ಬಿಡ್ರಿ ಸಾಹೇಬ್ರ' ಎಂದವರ ಜೊತೆ ಜಗಳಕ್ಕೆ ನಿಂತಿದ್ದೇನೆ. ನಡೆಯುವುದಿಲ್ಲ. ನಡೆಯುತ್ತದೆ ಎಂದು ಬಿಟ್ಟ ಸಾಮಾನು ಯಾರದೋ ಕೈಯಲ್ಲಿ ಸಿಡಿಯುತ್ತದೆ. ಆ ಕೆಲಸ ನನ್ನ ಸ್ವಭಾವವನ್ನೇ ಕೆಡಿಸಿತು ಎಂದು ಹೆಂಡತಿಯ ದೂರು. ಇರಬಹುದು.

ಅವಳು ಧಾರವಾಡದವಳು. ಮದುವೆಯಾಗಿ ಬರುವಾಗ ಒಂದು ಟ್ರಂಕು, ಒಂದು ತಂಬೂರಿ ತಂದಳು. ಟ್ರಂಕು ಎಂದೋ ತುಕ್ಕು ಹಿಡಿದು ಹೋಯಿತು, ತಂಬೂರಿ ಇದೆ. ಖಡಕಿಯ ಕ್ವಾರ್ಟರ್ಸ್‌ನಲ್ಲಿ ನಮ್ಮ ಮುಂದಿನ ಕೋಣೆ ಪ್ರತಿ ಸಂಜೆ ಮಕ್ಕಳ ಹಾಡಿನಿಂದ ತುಂಬಿರುತ್ತಿತ್ತು. ಕನ್ನಡದ ಮಕ್ಕಳು, ಮರಾಠಿ ಮಕ್ಕಳು, ಒಂದಿಬ್ಬರು ಪಂಜಾಬಿನವರು. ಎಲ್ಲರಿಗೂ ಅವಳು ಮಾವಶಿ, ಮರಾಠಿಯ ಚಿಕ್ಕಮ್ಮ. ಚಪ್ಪಲಿ ಬಾಗಿಲ ಹೊರಗೆ ಸಾಲಾಗಿ ಇಡದಿದ್ದರೆ ಆ ದಿನ ಪಾಠ ಇಲ್ಲ. ನಾನು ಡ್ಯೂಟಿ ಮುಗಿಸಿ ಬಂದರೂ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಹೋಗಬೇಕಾಗಿತ್ತು.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಪುಣೆಯಲ್ಲಿ ಮನೆ ಕೊಳ್ಳುವುದು ನಮ್ಮಂಥವರ ಕೈಗೆ ಎಟಕುವ ಮಾತಲ್ಲ. ಭೋರ್ ಆಚೆ ಒಂದು ತುಂಡು ಜಾಗ ಸಿಕ್ಕಿತು, ಮನೆ ಕಟ್ಟಿದೆವು. ಗಾಳಿ ಚೆನ್ನ, ನೀರು ಚೆನ್ನ, ಸುಗ್ಗಿಯಲ್ಲಿ ಅಕ್ಕಿಯ ಘಮ ಮನೆಯೊಳಗೇ ಬರುತ್ತದೆ. ಮಕ್ಕಳು ಮಾತ್ರ ಬರುವುದಿಲ್ಲ. ಖಡಕಿಯಿಂದ ಇಲ್ಲಿಗೆ ಯಾರು ಹಾಡು ಕಲಿಯಲು ಬರುತ್ತಾರೆ? ಒಬ್ಬೊಬ್ಬರೇ ಬಿಟ್ಟುಹೋದರು. ಕೊನೆಗೆ ಉಳಿದವಳು ಒಬ್ಬಳೇ ಹುಡುಗಿ.

ಈ ಹುಡುಗಿಯ ಅಪ್ಪ ಬೆಳಗಾವಿ ಕಡೆಯವರು, ಮೊದಲು ಖಡಕಿಯಲ್ಲಿದ್ದರು, ಈಗ ಶಿರೂರಿನಲ್ಲಿ ನೌಕರಿ. ಹುಡುಗಿ ನೆಟ್ಟಗೆ ಕೂಡಲು ಬಾರದ ವಯಸ್ಸಿನಿಂದ ನನ್ನ ಹೆಂಡತಿಯ ತೊಡೆಯ ಮೇಲೆ ಕೂತು ಸಾ ಹಚ್ಚಿದವಳು. ಈಗ ಹೈಸ್ಕೂಲಿಗೆ ಹೋಗುತ್ತಾಳೆ. ನನ್ನ ಹೆಂಡತಿಗೆ ಗಂಟಲಿನ ಆಪರೇಷನ್ ಆದಮೇಲೆ ಮೇಲಿನ ಸ್ವರ ಹತ್ತುವುದಿಲ್ಲ. ಹತ್ತಲು ಹೋದರೆ ಕೆಮ್ಮು ಬರುತ್ತದೆ. "ನನ್ನ ಗಂಟಲಿನ್ಯಾಗ ಇದ್ದದ್ದು ಇನ್ನ ಆಕಿ ಗಂಟಲಿನ್ಯಾಗ ಉಳೀಬೇಕ್ರಿ. ಇಲ್ಲಂದ್ರ ನನ್ನ ಜೋಡಿನ ಹೋಗ್ತದ" ಎಂದು ಅವಳು ಅಂದಳು. ಅಷ್ಟೇ ಅಂದದ್ದು. ಅವಳು ಹೆಚ್ಚು ಕೇಳುವ ಹೆಂಗಸಲ್ಲ. ಆದರೆ ಶಿರೂರು ಪುಣೆಯ ಆ ಕಡೆ, ನಾವು ಈ ಕಡೆ. ಎಸ್ಟಿ ಬಸ್ ಬದಲಿಸಿ ಬದಲಿಸಿ ಹೋಗಿ ಮುಟ್ಟುವುದರೊಳಗೆ ಅವಳ ಮೊಣಕಾಲು ಬಾತು ತೆಂಗಿನಕಾಯಿ ಆಗುತ್ತದೆ. ಹಾಗಾಗಿ ನೆಟ್ ಬೇಕು, ಮನೆಯಲ್ಲಿ ಬೇಕು, ನಮ್ಮ ಪೆನ್ಶನ್ನಿಗೆ ಹೊಂದುವಂಥದ್ದು ಬೇಕು.

ಮೊದಲು ಭೋರ್ ಪೇಟೆಯ ಕೇಬಲ್ಲಿನವನನ್ನು ಕೇಳಿದೆ. ಅವನು ನಮ್ಮ ಊರಿನ ಹೆಸರು ಕೇಳಿ ನಕ್ಕ. ಗುಡ್ಡ ದಾಟಿ ಒಂದೇ ಮನೆಗೆ ತಂತಿ ಎಳೆಯಬೇಕೆಂದರೆ ಕಂಬದ ಖರ್ಚು ನಿಮ್ಮದೇ ಕಾಕಾ ಎಂದ. ಆಕಾಶದಲ್ಲಿನ ಉಪಗ್ರಹದಿಂದ ನೇರವಾಗಿ ನೆಟ್ ಕೊಡುವವರೂ ಇದ್ದಾರಂತೆ. ಅದರ ಬೆಲೆ ಕೇಳಿ, ಉಪಗ್ರಹವನ್ನೂ ಮನೆಗೆ ತಂದು ಕೊಡ್ತೀರೇನು ಎಂದು ಕೇಳಿ ಫೋನ್ ಇಟ್ಟೆ. ಉಳಿದದ್ದು ನೇರಳೆ ನಕ್ಷೆಯ ಕಂಪನಿ. ತಂತಿ ಬೇಡ, ಕಂಬ ಬೇಡ, ಒಂದು ಡಬ್ಬಿ ಮನೆಯಲ್ಲಿಟ್ಟು ಸಿಮ್ ಹಾಕಿದರೆ ಸಾಕು ಎಂದರು. ಅಂಗಡಿಯಲ್ಲಿ ಡಬ್ಬಿ ಹಚ್ಚಿ ತೋರಿಸಿದರು. ಯಾವುದೋ ಸಿನೆಮಾದ ಹೊಡೆದಾಟ ಚಕಚಕ ಓಡಿತು. ಅಂಗಡಿಯ ನೆತ್ತಿಯ ಮೇಲೇ ಟವರ್ ಇದ್ದರೆ ಓಡದೆ ಏನಾಗುತ್ತದೆ!

ಮನೆಗೆ ತಂದು ಹಚ್ಚಿದರೆ ಕೆಂಪು ದೀಪ. ಕಿಟಕಿಯಲ್ಲಿಟ್ಟೆ, ಕೆಂಪು. ಅಡುಗೆಮನೆಯ ಕಪಾಟಿನ ಮೇಲೆ ಅಕ್ಕಿ ಡಬ್ಬದ ಪಕ್ಕ ಇಟ್ಟೆ, ಕೆಂಪು. ದೇವರ ಜಗಲಿಯ ಮೇಲಿಡಲು ಹೋದೆ, ಹೆಂಡತಿ ಕಣ್ಣು ಬಿಟ್ಟಳು, ತೆಗೆದೆ. ಕಂಪನಿಗೆ ಫೋನ್ ಮಾಡಿದರೆ ಮೊದಲು ಹಾಡು, ಆಮೇಲೆ ಒಂದು ಒತ್ತಿ ಎರಡು ಒತ್ತಿ, ಆಮೇಲೆ ಮತ್ತೆ ಹಾಡು. ಕೊನೆಗೆ ಒಬ್ಬಳು ಹಿಂದಿಯಲ್ಲಿ ಸಿಹಿಸಿಹಿಯಾಗಿ ಹೇಳುತ್ತಾಳೆ, ಸರ್, ನಿಮ್ಮ ಏರಿಯಾದಲ್ಲಿ ಸಿಗ್ನಲ್ ಉತ್ತಮವಾಗಿ ಕಾಣುತ್ತಿದೆ. ಎಲ್ಲಿ ಕಾಣುತ್ತಿದೆ ತಾಯಿ? ನಿನ್ನ ಕಂಪ್ಯೂಟರಿನಲ್ಲಿ ಕಾಣುತ್ತಿದೆ. ನನ್ನ ಕಣ್ಣ ಮುಂದೆ ಗುಡ್ಡ ಕಾಣುತ್ತಿದೆ. ತಲೆ ಕೆಟ್ಟು ಮೊಸರ ಗಡಿಗೆಯಾಯಿತು.

ಟವರಿಗೂ ನಮಗೂ ನಡುವೆ ಗುಡ್ಡ ಅಡ್ಡ ಇದ್ದರೆ ಡಬ್ಬಿಯನ್ನು ಎತ್ತರಕ್ಕೆ ಏರಿಸಬೇಕು, ಸರಿಯಷ್ಟೇ? ಒಂದು ಉದ್ದ ಬಿದಿರು ತಂದೆ. ಅದರ ತುದಿಗೆ ಡಬ್ಬಿ ಕಟ್ಟಿ, ಮಳೆ ತಾಗದಂತೆ ಮೇಲೆ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ, ಛಾವಣಿಯ ಮೂಲೆಗೆ ನಿಲ್ಲಿಸಿದೆ. ಪಕ್ಕದ ಗದ್ದೆಯ ಮರಾಠಿ ಅಜ್ಜಿ ಬಂದು ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಪಾಡವಾ ಹಬ್ಬ ಮುಗಿದು ಎಷ್ಟೋ ತಿಂಗಳಾಯಿತು, ಈಗ ಯಾಕೆ ಗುಡಿ ಏರಿಸಿದ್ದೀರಿ ಎಂದು ಕೇಳಿದಳು. ಅವರಲ್ಲಿ ವರ್ಷದ ಮೊದಲ ದಿನ ಬಿದಿರಿಗೆ ರೇಷ್ಮೆ ಬಟ್ಟೆ ಕಟ್ಟಿ, ತಂಬಿಗೆ ಬೋರಲು ಹಾಕಿ, ಮನೆಯ ಮುಂದೆ ನಿಲ್ಲಿಸುತ್ತಾರಲ್ಲ, ಥೇಟ್ ಹಾಗೇ ಕಂಡಿರಬೇಕು. ನನ್ನ ಹೆಂಡತಿ ಒಳಗೆ ಓಡಿಹೋಗಿ ನಕ್ಕಳು. ನನಗೆ ನಗು ಬರಲಿಲ್ಲ. ಆದರೆ ದೀಪ ಹಸಿರಾಗಿತ್ತು.

ಅಂತೂ ಪಾಠ ಶುರುವಾಯಿತು. ಗೋಡೆಗೆ ಒರಗಿಸಿದ ಟ್ಯಾಬಿನಲ್ಲಿ ಶಿರೂರಿನ ಹುಡುಗಿಯ ಮುಖ, ಇತ್ತ ತಂಬೂರಿಯ ಹಿಂದೆ ನನ್ನ ಹೆಂಡತಿ. ದಸರೆಗೆ ಖಡಕಿಯ ಕನ್ನಡ ಮಂದಿ ಸೇರಿ ಹಾಡಿನ ಸಂಜೆ ಮಾಡುತ್ತಾರೆ. ಅಲ್ಲಿ ಈ ಹುಡುಗಿ ತಬಲಾದ ಜೊತೆ ಮೊದಲ ಸಲ ಪೂರ್ತಿ ಒಂದು ಖ್ಯಾಲ್ ಹಾಡಬೇಕು. ಅದು ನನ್ನ ಹೆಂಡತಿ ತನ್ನ ಗುರುಗಳಿಂದ ಕಲಿತದ್ದು, ಈಗ ತಾನೇ ಹಾಡಲಾರದ್ದು.

ಹಾಡು ಗೊತ್ತಿಲ್ಲದವರಿಗೆ ಒಂದು ಮಾತು. ನನಗೂ ಗೊತ್ತಿರಲಿಲ್ಲ, ಇಷ್ಟು ವರ್ಷ ಅಡುಗೆಮನೆಯಲ್ಲಿ ಕೂತು ಕೇಳಿ ಕಲಿತೆ. ತಬಲಾದ ತಾಳ ಸುತ್ತು ಹೊಡೆದು ಮತ್ತೆ ಮೊದಲ ಪೆಟ್ಟಿಗೆ ಬರುತ್ತದೆ. ಆ ಪೆಟ್ಟಿಗೆ ಸಮ್ ಎನ್ನುತ್ತಾರೆ. ಹಾಡುವವರು ಎಲ್ಲೆಲ್ಲೋ ತಿರುಗಾಡಿ ಬಂದರೂ ಸರಿಯಾಗಿ ಆ ಪೆಟ್ಟಿನ ಮೇಲೆ ಬಂದು ಇಳಿಯಬೇಕು. ಇಳಿದಾಗ ಕೇಳುವವರ ತಲೆ ತಾನಾಗಿ ಆಡುತ್ತದೆ. ಒಂದಿಷ್ಟು ಆಚೀಚೆಯಾದರೆ ಇಡೀ ಸಭೆಗೆ ಗೊತ್ತಾಗುತ್ತದೆ.

ನನ್ನ ಹೆಂಡತಿ ಇಲ್ಲಿ ಕೈಯಿಂದ ತಾಳ ಹಾಕುತ್ತಿದ್ದಳು, ಹುಡುಗಿ ಅಲ್ಲಿ ಹಾಡುತ್ತಿದ್ದಳು. ಮೊದಲ ವಾರವೇ ತಕರಾರು ಶುರುವಾಯಿತು. "ತಡಾ ಆಗ್ಲಿಕ್ಕತ್ತದವಾ. ಸಮ್ ಮೇಲೆ ಬಾ." ಹುಡುಗಿ ಮತ್ತೆ ಹಾಡುತ್ತಿದ್ದಳು, ಮತ್ತೆ ತಡ. "ನಿನಗ ಏನಾಗೇದ? ಖಡಕ್ಯಾಗ ಇದ್ದಾಗ ಹಿಂಗ ಇರಲಿಲ್ಲಲ್ಲ ನೀ. ಮುಂಚೆ ಬಾ, ಇನ್ನಾ ಮುಂಚೆ." ಹುಡುಗಿ ತಲೆಯಾಡಿಸುತ್ತಿದ್ದಳು, ಒಂದು ಮಾತು ಎದುರಾಡಲಿಲ್ಲ. ಮಾವಶಿ ಹೇಳಿದರೆ ಮುಗಿಯಿತು. ಅವಳು ದಿನವೂ ಒಬ್ಬಳೇ ಕೂತು ಮುಂಚೆ ಬರುವುದನ್ನು ಸಾಧನೆ ಮಾಡಿದಳು. ಶ್ರಾವಣ ಮುಗಿಯುವುದರೊಳಗೆ ಎಲ್ಲ ಸರಿಹೋಯಿತು. ಪ್ರತಿ ಸುತ್ತಿನಲ್ಲೂ ಅವಳ ಸ್ವರ ನನ್ನ ಹೆಂಡತಿಯ ಚಪ್ಪಾಳೆಯ ಮೇಲೆ ಬಂದು ಕೂಡತೊಡಗಿತು. "ನೋಡ್ರಿ, ಹೆಂಗ ತಿದ್ದಿಕೊಂಡ್ಲು!" ಎಂದು ಹೆಂಡತಿ ಹಿಗ್ಗಿದಳು. ನಾನು ಹೊರಗೆ ಹೋಗಿ ನನ್ನ ಬಿದಿರನ್ನು ಮೇಲಿಂದ ಕೆಳಗೆ ನೋಡಿ ಬಂದೆ.

ದಸರೆಯ ಸಂಜೆ ನಾವು ಖಡಕಿಗೆ ಹೋದೆವು. ಹುಡುಗಿ ಹಸಿರು ಪರಕಾರ ಪೋಲಕ ಹಾಕಿಕೊಂಡು ಬಂದಿದ್ದಳು. ಬನ್ನಿ ಎಲೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದಳು, ಹಾಡು ಮುಗಿದ ಮೇಲೆ ಮೊದಲ ಬನ್ನಿ ಮಾವಶಿಗೇ ಕೊಡುವುದೆಂದು. ನನ್ನ ಹೆಂಡತಿ ಮೊದಲ ಸಾಲಿನಲ್ಲಿ ಕೂತಳು. ತಬಲಾ ಶುರುವಾಯಿತು, ಹುಡುಗಿ ಬಾಯಿ ತೆರೆದಳು. ಎಂಥ ದನಿ ಅಂತೀರಿ! ನನ್ನ ಹೆಂಡತಿಯ ಹಳೆಯ ದನಿಯೇ ಎದ್ದು ಬಂದಂತಾಗಿ ನನ್ನ ಕಣ್ಣು ತೇವವಾಯಿತು.

ಮೊದಲ ಸುತ್ತು ಮುಗಿಯಿತು. ಹುಡುಗಿ ಸಮ್‌ಗಿಂತ ಮುಂಚೆ ಬಂದು ಇಳಿದಳು.

ಅಂಜಿಕೆ ಇರಬೇಕು ಅಂದುಕೊಂಡೆವು. ಎರಡನೆಯ ಸುತ್ತಿನಲ್ಲೂ ಮುಂಚೆ, ಮೂರನೆಯದರಲ್ಲೂ ಮುಂಚೆ. ತಬಲಾದವರು ಕಣ್ಣಿನಿಂದ ಸನ್ನೆ ಮಾಡಿದರು, ತಾವೇ ಲಯವನ್ನು ಜಗ್ಗಿ ಅವಳಿಗೆ ಹೊಂದಿಸಲು ನೋಡಿದರು. ಅವರು ಜಗ್ಗಿದಷ್ಟೂ ಅವಳು ಇನ್ನಷ್ಟು ಮುಂದೆ. ಹಿಂದಿನ ಸಾಲಿನಲ್ಲಿ ಯಾರೋ "ಹುಡುಗಿಗೆ ತಾಳ ಕಲಿಸೇ ಇಲ್ಲಲ್ರಿ" ಅಂದರು. ಅದು ನನ್ನ ಹೆಂಡತಿಗೂ ಕೇಳಿಸಿತು. ಹುಡುಗಿ ನಡುವೆಯೇ ನಿಲ್ಲಿಸಿ, ಕೈಮುಗಿದು, ಎದ್ದು ಒಳಗೆ ಹೋದಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬನ್ನಿಯ ಗಂಟು ಮುಷ್ಟಿಯಲ್ಲೇ ಇತ್ತು. ನನ್ನ ಹೆಂಡತಿ ಭುಜದ ಮೇಲೆ ಕೈ ಇಟ್ಟಾಗ ಬಿಕ್ಕುತ್ತಲೇ ಅಂದಳು, "ನೀವ ಮುಂಚೆ ಬಾ ಅಂದಿದ್ರಲ್ಲ ಮಾವಶಿ. ನಿಮ್ಮ ಚಪ್ಪಾಳಿ ನನಗ ಕೇಳೋದರಕಿಂತ ಮೊದಲ ಹಾಡಿದ್ರ ನೀವು ಬರೋಬ್ಬರಿ ಅಂತಿದ್ರಿ. ನಾ ಹಂಗ ಕಲ್ತೀನಿ. ಈಗ ನನಗ ಮೊದಲಿನಂಗ ಹಾಡ್ಲಿಕ್ಕೆ ಬರವಲ್ದು."

ನನ್ನ ಹೆಂಡತಿಗೆ ಅಷ್ಟರಲ್ಲೇ ತಿಳಿಯಿತು. ನನಗೆ ತಿಳಿಯಲು ಇನ್ನೊಂದಿಷ್ಟು ಹೊತ್ತು ಬೇಕಾಯಿತು. ನಮ್ಮ ಮನೆಯ ಚಪ್ಪಾಳೆ ಬಿದಿರು ಹತ್ತಿ, ಗುಡ್ಡ ದಾಟಿ, ಶಿರೂರು ಮುಟ್ಟುವುದರೊಳಗೆ ತಡ. ಅದರ ಮೇಲೆ ಹುಡುಗಿ ಸರಿಯಾಗಿಯೇ ಹಾಡಿದ ಸ್ವರ ತಿರುಗಿ ನಮ್ಮ ಮನೆಗೆ ಬರುವುದರೊಳಗೆ ಮತ್ತೂ ತಡ. ಸರಿಯಾಗಿ ಹಾಡುತ್ತಿದ್ದ ಕೂಸು ಆ ಹಾಳು ಡಬ್ಬಿಗೆ ಹೊಂದಿಕೊಳ್ಳಲು ಹೋಗಿ ತನ್ನ ತಾಳವನ್ನೇ ಕೆಡಿಸಿಕೊಂಡಿತ್ತು. ಶ್ರದ್ಧೆಯಿಂದ ಕೆಡಿಸಿಕೊಂಡಿತ್ತು, ಹೇಳಿದ ಮಾತು ಕೇಳಿ ಕೆಡಿಸಿಕೊಂಡಿತ್ತು.

ಮನೆಗೆ ಬಂದು ಹೆಂಡತಿ ತಂಬೂರಿಗೆ ಗವಸು ಹಾಕಿ ಮೂಲೆಗೆ ಇಟ್ಟಳು. "ಅವರಪ್ಪಗ ಫೋನ್ ಮಾಡಿ ಬ್ಯಾರೆ ಗುರು ನೋಡ್ರಿ ಅಂತ ಹೇಳ್ರಿ" ಅಂದಳು. ನಾನು ಹೇಳಲಿಲ್ಲ. ನಾನು ಮರುದಿನ ಮೊದಲ ಬಸ್ ಹತ್ತಿ ಪುಣೆಯಲ್ಲಿರುವ ಆ ಕಂಪನಿಯ ದೊಡ್ಡ ಆಫೀಸಿಗೆ ಹೋದೆ.

ಒಳಗೆ ತಂಪು ಗಾಳಿ, ಗಾಜಿನ ಗೋಡೆ, ಗೋಡೆಯ ಮೇಲೆ ಅದೇ ನೇರಳೆ ನಕ್ಷೆ. ಟೈ ಕಟ್ಟಿಕೊಂಡ ಮ್ಯಾನೇಜರ್ ನನ್ನ ಮಾತನ್ನು ಅರ್ಧ ಕೇಳಿ ಕಂಪ್ಯೂಟರ್ ನೋಡಿ, ಕಾಕಾ, ನಿಮ್ಮ ಮನೆಗೆ ಸ್ಪೀಡ್ ಚೆನ್ನಾಗಿಯೇ ಹೋಗುತ್ತಿದೆ ಎಂದ. ಮಾತೆಲ್ಲ ಮರಾಠಿಯಲ್ಲಿ. ಸಿನೆಮಾ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದೆ. ಸೀರಿಯಲ್? ಬರುತ್ತದೆ. ಹಾಗಾದರೆ ತಕರಾರು ಏನು ಕಾಕಾ?

ನನ್ನ ಸಿಟ್ಟು ನೆತ್ತಿಗೇರಿತು. ನನ್ನ ಫೋನಿನಿಂದ ಮನೆಗೆ ವಿಡಿಯೋ ಕಾಲ್ ಹಚ್ಚಿದೆ. "ಏ, ತಾಳ ಹಾಕು" ಅಂದೆ. "ಏನ್ರೀ ಇದು, ಎಲ್ಲಿದ್ದೀರಿ?" ಎಂದಳು ಹೆಂಡತಿ. "ಹಾಕು ಅಂದ್ರ ಹಾಕು." ಅವಳು ಶುರು ಮಾಡಿದಳು. ನಾನು ಮ್ಯಾನೇಜರನ ಮುಖಕ್ಕೆ ಫೋನ್ ಹಿಡಿದು, ಈಗ ನೀನು ಇವಳ ಜೊತೆ ಚಪ್ಪಾಳೆ ತಟ್ಟು ಎಂದೆ. ಅವನು ಸೆಕ್ಯೂರಿಟಿಯ ಕಡೆ ನೋಡಿದ. ಸಾಲಿನಲ್ಲಿ ನಿಂತ ಜನ ನೋಡುತ್ತಿದ್ದರು. ಮುದುಕನ ಜೊತೆ ಯಾಕೆ ರಗಳೆ ಎಂದೋ ಏನೋ, ತಟ್ಟಿದ. ಫೋನಿನಲ್ಲಿ ಕೇಳಿದ ಪೆಟ್ಟಿಗೆ ಸರಿಯಾಗಿ, ಪಾಪ, ಚೆನ್ನಾಗಿಯೇ ತಟ್ಟಿದ.

"ಯಾರ್ರೀ ಅವರು? ತಡಾ ಮಾಡ್ಲಿಕ್ಕತ್ತಾರ" ಎಂದಿತು ನನ್ನ ಹೆಂಡತಿಯ ದನಿ. "ಮುಂಚೆ ಬರ್ರಿ ಅಂತ ಹೇಳ್ರಿ."

ಅದನ್ನು ನಾನು ಮರಾಠಿಯಲ್ಲಿ ಹೇಳಿದೆ. ನಾನು ಸರಿಯಾಗಿಯೇ ತಟ್ಟುತ್ತಿದ್ದೇನೆ ಎಂದು ಅವನು ವಾದಿಸಿದ. ಸಾಲಿನವರೆಲ್ಲ ಹೌದೆಂದರು. ಮುಂಚೆ ತಟ್ಟು ಎಂದು ಗದರಿದೆ. ಅವನು ಪೆಟ್ಟಿಗಿಂತ ಮೊದಲೇ ತಟ್ಟತೊಡಗಿದ. ನೋಡುವವರಿಗೆಲ್ಲ ಅವನು ತಪ್ಪುತ್ತಿರುವುದು ಕಾಣುತ್ತಿತ್ತು, ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು.

"ಹಾಂ! ಈಗ ಬರೋಬ್ಬರಿ ಬಂತು" ಎಂದಳು ನನ್ನ ಹೆಂಡತಿ ಅಲ್ಲಿಂದ.

ನಾನು ಮೇಜು ಗುದ್ದಿ ಕೇಳಿದೆ, ಈಗ ತಿಳಿಯಿತೇನಪ್ಪಾ ತಕರಾರು? ಅವನು ಕೆಂಪಾಗಿ ಕೈ ಒರೆಸಿಕೊಂಡ. ಈ ತಡಕ್ಕೆ ಲೇಟೆನ್ಸಿ ಎನ್ನುತ್ತಾರೆ ಕಾಕಾ, ಯಾವ ನೆಟ್ಟಿನಲ್ಲೂ ಒಂದಿಷ್ಟು ಇದ್ದೇ ಇರುತ್ತದೆ, ನಿಮ್ಮದು ಗುಡ್ಡದ ಹಿಂದೆ, ಜಾಸ್ತಿ ಇರುತ್ತದೆ ಎಂದ. ಜಾಸ್ತಿ ಇರುತ್ತದೆ ಎಂದು ಗೊತ್ತಿದ್ದರೆ ನಕ್ಷೆಯಲ್ಲಿ ಯಾಕೆ ಬರೆಯಲಿಲ್ಲ? ಪುಣೆಯ ಮಧ್ಯದಲ್ಲಿ ಇರುವ ನೇರಳೆಯೂ ನಮ್ಮ ಮನೆಯ ನೇರಳೆಯೂ ಒಂದೇ ಬಣ್ಣ ಹೇಗಾಯಿತು? ಬಿಲ್ಲಿನಲ್ಲಿ ಒಂದು ಪೈಸೆ ಕಡಿಮೆ ಮಾಡುತ್ತೀರೇನು? ಅವನು ನಿಧಾನವಾಗಿ ಹೇಳಿದ, ಹಳ್ಳಿಯಲ್ಲಿ ಜನ ಸಿನೆಮಾ ನೋಡುತ್ತಾರೆ ಕಾಕಾ, ಅವರಿಗೆ ಇದೇನೂ ಗೊತ್ತೇ ಆಗುವುದಿಲ್ಲ.

ನೋಡಿ, ಅಲ್ಲಿದೆ ವಿಷಯ. ಹಳ್ಳಿಯವರು ನೋಡುವವರು ಮಾತ್ರ. ಯಾರೋ ಮಾಡಿದ್ದನ್ನು ಬಾಯಿ ತೆರೆದು ನೋಡುವವರು. ನಮ್ಮ ಮನೆಯಿಂದ ಆಚೆಗೆ ಹೋಗಬೇಕಾದದ್ದೂ ಏನಾದರೂ ಇರಬಹುದು, ಅದು ಸರಿಯಾದ ಹೊತ್ತಿಗೆ ಮುಟ್ಟಬೇಕಾಗಬಹುದು ಎಂಬುದು ಇವರ ತಲೆಗೆ ಹೊಳೆಯುವುದೇ ಇಲ್ಲ. ನಾನು ಕಾರ್ಖಾನೆಯಲ್ಲಿ ಇಂಥ ಮಾಲನ್ನು ಕೆಂಪು ಬಣ್ಣ ಹಚ್ಚಿ ಮೂಲೆಗೆ ಎಸೆಯುತ್ತಿದ್ದೆ. ಇವರು ನೇರಳೆ ಹಚ್ಚಿ ಮಾರುತ್ತಾರೆ. ಬಾಯಿಗೆ ಬಂದಂತೆ ಬೈದೆ. ಸೆಕ್ಯೂರಿಟಿಯವನು ನನ್ನ ತೋಳು ಹಿಡಿದು ಹೊರಗೆ ಬಿಟ್ಟು, ಸಾವಕಾಶ ಕಾಕಾ, ಮೆಟ್ಟಿಲು ಇದೆ ಎಂದ. ನಾನು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಫೋನಿಗೆ ಸಂದೇಶ ಬಂತು. ನಿಮ್ಮ ದೂರು ಬಗೆಹರಿದಿದೆ, ಧನ್ಯವಾದ. ಥೂ ನಿಮ್ಮ.

ಮನೆಗೆ ಬಂದರೆ ತಂಬೂರಿಯ ಗವಸು ತೆಗೆದಿತ್ತು. ಕಾಲ್ ಕಟ್ ಮಾಡಲು ನಾನು ಮರೆತಿದ್ದೆ, ಅವಳು ಎಲ್ಲ ಕೇಳಿಸಿಕೊಂಡಿದ್ದಳು. "ಪಾಪ, ಆ ಮ್ಯಾನೇಜರಗೂ ನಾ ಮುಂಚೆ ಬಾ ಅಂದ್ನಲ್ರಿ" ಎಂದಳು. ತಂಬೂರಿಯ ತಂತಿ ಬಿಗಿ ಮಾಡುತ್ತ ಮತ್ತೆ ಅಂದಳು, "ತಾಳ ಇನ್ನ ನನ್ನ ಕಡೆ ಬ್ಯಾಡ್ರಿ. ಅದು ಆಕಿ ಕಡೇನ ಇರ್ಲಿ. ನಾ ಬರೇ ಕೇಳ್ತೀನಿ."

ಈಗ ಪಾಠ ಹಾಗೇ ನಡೆಯುತ್ತದೆ. ಬೇರೆ ಕಂಪನಿಯ ನೆಟ್ ನಮ್ಮ ಊರಿಗಿಲ್ಲ, ಇದೇ ಡಬ್ಬಿ, ಇದೇ ಬಿದಿರು, ಇದೇ ಬಿಲ್ಲು. ಶಿರೂರಿನಲ್ಲಿ ಹುಡುಗಿ ತನ್ನ ಪಕ್ಕದಲ್ಲೇ ತಬಲಾದ ಮಷಿನ್ ಇಟ್ಟುಕೊಂಡು ಹಾಡುತ್ತಾಳೆ, ತಾಳ ಸ್ವರ ಎರಡೂ ಕೂಡಿಯೇ ತಡವಾಗಿ ನಮಗೆ ಮುಟ್ಟುತ್ತವೆ. ಕಲಿತದ್ದನ್ನು ಮರೆಯಲು ಅವಳಿಗೆ ಸಂಕ್ರಾಂತಿ ದಾಟಿತು. ಹಲವು ಸಲ ಅತ್ತಳು, ಆದರೆ ಬಿಡಲಿಲ್ಲ. ಈಗ ಸಮ್ ಮೇಲೆ ಬರುತ್ತಾಳೆ. ನನ್ನ ಹೆಂಡತಿ ಜೊತೆಗೆ ಹಾಡುವಂತಿಲ್ಲ, ಗುನುಗುವಂತಿಲ್ಲ, ತಾಳ ಹಾಕುವಂತಿಲ್ಲ. ಇಲ್ಲಿಂದ ಹೋದ ಒಂದೊಂದು ಸದ್ದೂ ಅಲ್ಲಿ ತಡವಾಗಿ ಮುಟ್ಟಿ ಹುಡುಗಿಯನ್ನು ಎಡವಿಸುತ್ತದೆ. ಕೈ ತಾನಾಗಿ ತಟ್ಟಿಬಿಡುತ್ತದೆ ಎಂದು ಹೆಂಡತಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಾಳೆ. ಜೊತೆಗೆ ಹಾಡಿ ಹಾಡಿಯೇ ಕಲಿಸಿದವಳು, ಈಗ ಕೈ ಮೇಲೆ ತಾನೇ ಕೂತಿದ್ದಾಳೆ. ನಾನು ನೋಡಲಾರದೆ ಎದ್ದು ಹೋಗುತ್ತೇನೆ.

ಆದರೆ ಹಾಡು ಮುಗಿಯುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ಹುಡುಗಿ ಕೊನೆಯ ಸಮ್ ಮೇಲೆ ಇಳಿದು, ಕಣ್ಣು ತೆರೆದು ನೋಡುತ್ತಾಳೆ. ನನ್ನ ಹೆಂಡತಿ ಆ ಕ್ಷಣಕ್ಕೇ ಕೈ ಬಿಡಿಸಿಕೊಂಡು ಶಾಭಾಸ್ ಎನ್ನುತ್ತಾಳೆ. ಆ ಶಾಭಾಸ್ ಗುಡ್ಡ ದಾಟಿ ಹೋಗಬೇಕು. ಅದು ಮುಟ್ಟುವವರೆಗೆ ಆ ಕೂಸು ಮತ್ತೆ ತಪ್ಪಿದೆನೇನೋ ಎಂಬ ಮುಖ ಮಾಡಿಕೊಂಡು ಕಾಯುತ್ತದೆ, ನಾವಿಬ್ಬರೂ ಆ ಮುಖ ನೋಡುತ್ತ ಇರುತ್ತೇವೆ. ಅದನ್ನು ನಾನು ಯಾವ ಕಂಪನಿಗೂ ಮಾಫ್ ಮಾಡುವುದಿಲ್ಲ.